ಮೂರನೇ ಕ್ಯಾಮೆರಾ

ಹೆಸರಿಗೆ ಇಂದುಮುಖಿ.
ಹನ್ನೊಂದು ನಿಮಿಷ ಬರೀ ಬೆನ್ನು, ಎಂದಳು.

ಜಯಮಹಲ್ ರಸ್ತೆಯ ಸ್ಟುಡಿಯೋ, ಎಸಿಯ ಚಳಿ,
ಹೆಡ್‌ಫೋನಿನಲ್ಲಿ ವಜ್ರಪ್ಪನವರು:
'ಮುಖ ಹಿಡಿಯಯ್ಯ ಅಂತೋಣಪ್ಪ,
ಬೆನ್ನು ನೋಡ್ಕೊಂಡು ಯಾರು ಊಟ ಮಾಡ್ತಾರೆ?'

ಅವಳು ಬಂದು ನನ್ನ ಗಾಲಿಗಳ ಮುಂದೆ
ಸೀಮೆಸುಣ್ಣದಲ್ಲಿ ಗೆರೆ ಎಳೆದಳು.
'ನೀವು ಮುಖಕ್ಕೆ ಬಂದರೆ
ನನ್ನ ಕಾಲು ಸತ್ತ ಹಾಗೆ.'

ಟೇಕ್ ನಾಲ್ಕು.
ಎಡ ಹೆಗಲಮೂಳೆ ಒಂದೇ
ತುಕ್ಕು ಹಿಡಿದ ಬಾಗಿಲಂತೆ ತೆರೆಯಿತು.
ಆಮೇಲೆ ಚೌಕಟ್ಟು ದಾಟಿ ಹೋಗಿಯೇಬಿಟ್ಟಳು.

'ಪ್ಯಾನ್! ಪ್ಯಾನ್ ಮಾಡಯ್ಯ!'
ಹಿಡಿಕೆ ನನ್ನ ಕೈಯಲ್ಲಿತ್ತು.
ತಿರುಗಿಸಲಿಲ್ಲ.

ಖಾಲಿ ನೆಲ. ಬೆವರಿನ ಒಂದು ಹೆಜ್ಜೆ,
ಹಿಮ್ಮಡಿಯಿಂದ ಆರುತ್ತ ಆರುತ್ತ
ಕೊನೆಗೆ ಬೆರಳೈದು.

ಪ್ರಸಾರದಲ್ಲಿ ಅಲ್ಲಿಗೆ
ಲಾಲ್‌ಬಾಗಿನ ತಾವರೆ ಅಂಟಿಸಿದ್ದರು.

ರಾತ್ರಿ ಫೋನು. ಕೇಳಿದ್ದು ಇಷ್ಟೇ:
'ಎಷ್ಟು ಹೊತ್ತು ಇತ್ತು, ಹೆಜ್ಜೆ?'
ಇಪ್ಪತ್ತಾರು ಸೆಕೆಂಡು, ಎಂದೆ.