ಹಾಸನೂರು ಚೆಕ್‌ಪೋಸ್ಟಿನ ರಿಜಿಸ್ಟರು, ಕೊನೆಯ ಹಾಳೆ

ಬೆಳಗಿನ ಐದೂಮುಕ್ಕಾಲು. ಗೇಟು ಬಿದ್ದಿದೆ.
ದಿಂಬಂ ತಿರುವುಗಳಿಗೆ ಇಳಿಯಬೇಕಾದ ಲಾರಿಗಳು
ಬೋಂಡಾ ಅಂಗಡಿಯವರೆಗೂ ಬಾಲ ಬೆಳೆಸಿವೆ.
ನಂಬರು, ಹೊರೆ, ಹೊತ್ತು ಎಲ್ಲ ತಮಿಳಿನಲ್ಲಿ ಬರೆಯುತ್ತೇನೆ;
ಕೊನೆಯ ಹಾಳೆ ಮಾತ್ರ ಕನ್ನಡದ್ದು.

ಗುಬ್ಬಿಗಿಂತ ಸಣ್ಣದು. ಬೆನ್ನು ನೀಲಿ,
ಆಕಾಶದ್ದಲ್ಲ, ಕಾರ್ಬನ್ ಹಾಳೆಯದು.
ಗಂಟಲಿಂದ ಎದೆಯವರೆಗೆ ಬೆಂದ ಇಟ್ಟಿಗೆ,
ಆಮೇಲೆ ಹೊಟ್ಟೆ, ಬಿಳಿ.
ಹಳ್ಳದ ಬಿದಿರುಮೆಳೆಯಲ್ಲಿ ನೆಟ್ಟಗೆ ಕೂತಿತ್ತು.
ದನಿ: ಇಲ್ಲ.

ಅದರ ಕೆಳಗೆ, ಬೇರೆ ದಿನ, ಬೇರೆ ಪೆನ್ನು:
ಆರೇಳು ಸ್ವರ. ಮೆಟ್ಟಿಲಿಳಿದು ಬಂದು
ಏನೋ ಮರೆತವರ ಹಾಗೆ ಎರಡು ಮೆಟ್ಟಿಲು ವಾಪಸು ಹತ್ತಿ
ಅಲ್ಲೇ ನಿಲ್ಲುತ್ತದೆ.
ರೂಪ: ಕಾಣಲಿಲ್ಲ.

ಎರಡೂ ಒಂದೇ ಅಂದರು ವಾಚರ್ ಜಡೆಯಪ್ಪ,
ಬಲಗಣ್ಣಿಗೆ ಪೊರೆ ಬಂದವರು.
"ನೀ ಬರೇ ನೋಡಿದ್ದೀಯ ಕಣಪ್ಪ,
ಇನ್ನೂ ಗುರ್ತು ಹಿಡಿದಿಲ್ಲ."
ನಾನು ಒಪ್ಪಲಿಲ್ಲ. ಹನ್ನೊಂದು ದಿನ
ಒಂದೇ ಹಾಳೆಯಲ್ಲಿ ಎರಡು ಹಕ್ಕಿ ಸಾಕಿದೆ,
ನಡುವೆ ಸ್ಕೇಲಿಟ್ಟು ಗೆರೆ ಎಳೆದು.

ಇವತ್ತು ಗೇಟೆತ್ತಲು ಹಗ್ಗಕ್ಕೆ ಕೈ ಹಾಕಿದರೆ
ಕಂಬದ ತುದಿಯ ಕೆಂಪು ಪಟ್ಟಿಯ ಮೇಲೆ
ಕಾರ್ಬನ್ ಬೆನ್ನು.
ಇಟ್ಟಿಗೆ ಗಂಟಲು ಉಬ್ಬಿತು, ನಡುಗಿತು.
ಇಳಿದು, ಇಳಿದು, ಇಳಿದು,
ಏನೋ ಮರೆತು
ಎರಡು ಮೆಟ್ಟಿಲು ಹತ್ತಿ...

ಹಾರ್ನು, ಅದರ ಹಿಂದೆ ಇನ್ನೊಂದು ಹಾರ್ನು, ಅವ್ವ ಅಪ್ಪ ಬೈಗುಳ.
ಹಗ್ಗ ಹಿಡಿದೇ ನಿಂತಿದ್ದೆ.

ಮೊದಲ ಗಾಡಿ: ಆರು ಗಂಟೆ ಎರಡು ನಿಮಿಷ, ತೆಂಗಿನಕಾಯಿ.
ಆ ಎರಡು ನಿಮಿಷ ಎಲ್ಲಿ ಹೋಯಿತೆಂದು
ಸಾಹೇಬರು ಕೇಳಿದರೆ ಏನನ್ನಲಿ?
ಗೆರೆ ಅಳಿಸಿದ್ದೇನೆ. ಗುರುತು ಸಿಕ್ಕಿದೆ.
ಹೆಸರು ಜಡೆಯಪ್ಪನನ್ನು ಕೇಳಬೇಕು.