ಎಡ ಅಂದರೆ ಯಾರ ಎಡ

ಲಕ್ಕಸಂದ್ರದ ಒಳರಸ್ತೆ, ಮಧ್ಯಾಹ್ನ ಮೂರೂವರೆ.
ಬಾನೆಟ್ಟಿಗೆ ಕೋಲು ಕೊಟ್ಟು ನಿಲ್ಲಿಸಿದೆ.
ಬಿಸಿಯಾದರೆ ನಿಂತುಬಿಡುತ್ತೆ,
ಆರಿದರೆ ಏನೂ ಆಗದ ಹಾಗೆ ಹೊರಡುತ್ತೆ:
ಗಾಡಿಯವರು ಹೇಳಿದ್ದು ಇಷ್ಟೇ.
ಮಿನರ್ವ ಸರ್ಕಲ್ಲಿನಲ್ಲಿ ಎರಡು ಸಲ,
ಮೊನ್ನೆ ಆಸ್ಪತ್ರೆಯ ಗೇಟಿಗೆ ಅಡ್ಡ.

ಮೊದಲು ಕಾಯಿಲ್ ನೋಡಿದೆ. ಹುಡುಕಬೇಕಿಲ್ಲ,
ನೆತ್ತಿಯ ಮೇಲೇ ಕೂತಿದ್ದಾರೆ
ಕರಿ ಟೋಪಿಯ ನಾಲ್ವರು ಅಣ್ಣತಮ್ಮಂದಿರು.
ಒಂದೊಂದಾಗಿ ಕಿತ್ತೆ, ಕೆಳಗಿನ ಪ್ಲಗ್ಗು ಬಿಚ್ಚಿ ಮೂಸಿದೆ.
ತುದಿಯಲ್ಲಿ ಹಳೇ ಬೆಲ್ಲದ ಬಣ್ಣ, ಇರಬೇಕಾದ್ದೇ.
ತಪ್ಪು ಇವರದಲ್ಲ.

ಹಾಗಾದರೆ ಕ್ರ್ಯಾಂಕ್ ಸೆನ್ಸರ್ರು.
ಅದೆಲ್ಲಿ?
ಮೊಬೈಲಿನಲ್ಲಿ ಚಿತ್ರವಿದೆ, ಬಾಣವಿದೆ, ಎಂಜಿನ್ನಿನ ಎಡಕ್ಕೆ ಅಂತಿದೆ.
ಎಡಕ್ಕೆ ನೋಡಿದರೆ ಬ್ಯಾಟರಿ. ಮಣ್ಣು. ಒಂದು ಒಣಗಿದ ಹೊಂಗೆ ಎಲೆ.

ಅರುಳಪ್ಪ ಮೇಸ್ತ್ರಿ ಸ್ಟೂಲಿನಿಂದ ಏಳಲಿಲ್ಲ.
ಪೊರೆ ತೆಗೆಸಿದ ಕಣ್ಣಿಗೆ ಹಸಿರು ಪಟ್ಟಿ,
ಕಿವಿ ಮಾತ್ರ ಡ್ಯೂಟಿಯಲ್ಲಿ.
"ಎಡ ಅಂದರೆ ಯಾರ ಎಡ, ಪಂಕಜಿ?
ನಿಂದಾ, ಸೀಟಲ್ಲಿ ಕೂತೋರದಾ?"

ಸುತ್ತಿ ಹೋಗಿ ಸೀಟಿನಲ್ಲಿ ಒಂದು ಗಳಿಗೆ ಕೂತು ಬಂದೆ.
ಎಡಬಲ ಅದಲುಬದಲಾಗಲು ಅಷ್ಟು ಸಾಕು.
ಸ್ಟಾರ್ಟರಿನ ಹಿಂದೆ, ಗೇರ್ ಬಾಕ್ಸು ಕೂಡುವ ಕಡೆ.
ಟಾರ್ಚಿನ ಬೆಳಕು ಅಲ್ಲಿಗಿಳಿಯುವುದಿಲ್ಲ.
ಮೇಸ್ತ್ರಿಯ ಕೈ ಹಿಡಿಸದೆ ಹದಿನೈದು ವರ್ಷವಾಯಿತು.

ನನ್ನಮ್ಮ ಬಳೇಪೇಟೆಯಲ್ಲಿ ಬಳೆ ತೊಡಿಸುತ್ತಿದ್ದವಳು.
ದಪ್ಪ ಕೈಯ ಮದುಮಗಳು ಅಳುಮುಖ ಮಾಡಿದರೆ
ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ
"ಈ ಕೈ ನಿಂದಲ್ಲ ಅಂದ್ಕೊ" ಅನ್ನುವಳು.
ಗಾಜು ಒಡೆಯುತ್ತಿರಲಿಲ್ಲ.

ಹೆಬ್ಬೆರಳು ಮಡಿಸಿದೆ.
ಮ್ಯಾನಿಫೋಲ್ಡಿನ ಅಡಿಯಲ್ಲಿ ಮಣಿಕಟ್ಟು ದಾಟಿತು, ಆಮೇಲೆ ಮೊಣಕೈ.
ಹೋಸ್ ಪೈಪು, ಜಿಡ್ಡು, ಯಾವುದೋ ವೈರು,
ಇನ್ನೂ ಆರದ ಬೋಲ್ಟೊಂದು ಚೂರು ಚರ್ಮ ಇಟ್ಟುಕೊಂಡಿತು.
ಅದರಾಚೆ ಹೆಬ್ಬೆಟ್ಟಿನ ಗಾತ್ರದ್ದೇನೋ.
ಕ್ಲಿಪ್ಪಿನ ನಾಲಿಗೆ.
ಒತ್ತಿದೆ.

"ಸಿಕ್ತಲ್ಲ" ಅಂದರು ಮೇಸ್ತ್ರಿ,
ನಾನು ಬಾಯಿ ತೆರೆಯುವ ಮೊದಲೇ.

ಜೆ.ಸಿ. ರಸ್ತೆಯಿಂದ ಹೊಸದು ಬರಲು ಒಂದು ಗಂಟೆ, ಎರಡು ಟೀ.
ಹಾಕುವಾಗಲೂ ಅದರ ಮುಖ ಕಾಣಲಿಲ್ಲ.
ವಿಲ್ಸನ್ ಗಾರ್ಡನ್ನಿನ ತನಕ ಓಡಿಸಿ ತಂದೆ:
ಬಿಸಿಯಾಯಿತು, ನಿಲ್ಲಲಿಲ್ಲ.

ದುಡ್ಡು ಎಣಿಸುತ್ತ ಗಾಡಿಯವರು ಬಾನೆಟ್ಟಿನ ಮುಂದೆ ಬಗ್ಗಿದರು.
"ಎಲ್ಲಿತ್ತಮ್ಮ ಅದು?"
ಮಣಿಕಟ್ಟಿನ ಸುತ್ತ ಎದ್ದ ಕೆಂಪು ಗೀರಿಗೆ
ಬೇಸ್ಟು ಒತ್ತಿಕೊಳ್ಳುತ್ತ "ಎಡಕ್ಕೆ" ಅಂದೆ.
ಅವರು ತಮ್ಮ ಎಡಕ್ಕೆ ತಿರುಗಿ
ಬ್ಯಾಟರಿಯನ್ನು ಬಹಳ ಹೊತ್ತು ನೋಡಿ
ತಿಳಿದವರ ಹಾಗೆ ತಲೆಯಾಡಿಸಿದರು.