ಆರು ಪಾಯಿಂಟಿನ ಶನಿವಾರಗಳು

ಮಸ್ಜಿದ್ ಬಂದರಿನ ಹಿಂದೆ, ಮೆಣಸಿನಕಾಯಿ ಗೋದಾಮಿನ ಘಾಟಿಗೆ
ಸೀನುತ್ತಲೇ ಮೊಳೆ ಜೋಡಿಸುತ್ತಿದ್ದೆ.
ಕುಂದಾಪುರದ ಕಡೆಯವ, ರಾತ್ರಿಶಾಲೆಯ ಮರಾಠಿ,
ಎಡಗೈಯಲ್ಲಿ ಸ್ಟಿಕ್ಕು, ಬಲ ಹೆಬ್ಬೆರಳು ಸದಾ ಕಪ್ಪು.

ನಾರಳೀ ಹುಣ್ಣಿಮೆ ಕಳೆದ ಮಾರನೇ ದಿನ
ತಪ್ಪದೆ ಬರುತ್ತಿದ್ದರು ರಹಮಿಮ್ ಝಿರಾಡ್ಕರ್,
ಪೋರ್ಟ್ ಟ್ರಸ್ಟಿನಲ್ಲಿ ತೂಕ ಬರೆದು ನಿವೃತ್ತರಾದವರು,
ಕಂಕುಳಲ್ಲಿ ತಮ್ಮ ಜನದ ಮುಂದಿನ ವರ್ಷ:
ಗೆರೆ ಹೊಡೆದ ಹಾಳೆ, ಪೆನ್ಸಿಲಿನ ಮರಾಠಿ,
ಮೂಲೆಯಲ್ಲಿ ಚಹಾದ ಉಂಗುರ.

ಹಬ್ಬಕ್ಕೆ ಹತ್ತು ಪಾಯಿಂಟು. ಉಪವಾಸಕ್ಕೆ ಎಂಟು.
ಶನಿವಾರದ ಅಡಿಯ ಸಣ್ಣ ಪಟ್ಟಿಗೆ ಆರು,
ಇರುವೆಸಾಲು, ಭೂತಗನ್ನಡಿ ಹಿಡಿದು ಓದುವಂಥದು:
'ಬರುವ ತಿಂಗಳನ್ನು ಹರಸುವ ಶನಿವಾರ.'

ನನಗೆ ಸೋಜಿಗ. ನಮ್ಮ ಕಡೆ ಅಮಾವಾಸ್ಯೆಗೆ
ಒಂದು ಕಪ್ಪು ಚುಕ್ಕೆ ಇಟ್ಟರೆ ಆಯಿತು.
ಪ್ರಯಾಣ ಬೇಡ, ತಲೆಗೆ ಎಣ್ಣೆ ಬೇಡ, ಅಷ್ಟೆ.
ಇವರೋ, ಇನ್ನೂ ಹುಟ್ಟದ ಚಂದ್ರನಿಗೆ
ಮೊದಲೇ ತೊಟ್ಟಿಲು ಕಟ್ಟುವವರು.
ಹುಟ್ಟುವುದು ಎಷ್ಟು ಗಂಟೆಗೆ, ಎಷ್ಟು ನಿಮಿಷಕ್ಕೆ,
ಅದರ ಮೇಲೆ ಎಷ್ಟು 'ಭಾಗ'ಕ್ಕೆ
(ನಿಮಿಷಕ್ಕೆ ಹದಿನೆಂಟು ಭಾಗವಂತೆ)
ಮಂದಿಯೆದುರು ಸಾರಿ ಹೇಳುತ್ತಾರಂತೆ.
"ನಿನ್ನ ಎಂಟು ಹದಿಮೂರರ ಕಲ್ಯಾಣ್ ಲೋಕಲ್ಲು
ಒಂದು ದಿನವಾದರೂ ಭಾಗದ ಲೆಕ್ಕ ಇಟ್ಟಿದೆಯೇನೋ?"

ಭಾನುವಾರವೇ ತಿಂಗಳು ಹುಟ್ಟಿದರೆ ನನ್ನ ಗ್ರಹಚಾರ.
ಒಂದೇ ಮನೆಗೆ ಎರಡು ಹಣೆಪಟ್ಟಿ:
ಹರಸುವ ಶನಿವಾರ, ಅದರ ಕೆಳಗೆ 'ನಾಳೆ ಹೊಸತಿಂಗಳು'.
ಆ ದಿನ ಬೇರೆಯೇ ಪಾಠ ಓದುತ್ತೇವೆ, ಅಂದರು,
ಅರಸನ ಊಟದ ಪಂಕ್ತಿಯಲ್ಲಿ
ಒಬ್ಬನ ಜಾಗ ಬರಿದಾಗುವ ಕತೆ.
ಅಂದವರು ಕಿಟಕಿಯಾಚೆ ನೋಡಿದರು ಸ್ವಲ್ಪ ಹೊತ್ತು.
ಮೊದಲ ವರ್ಷ ಆರುನೂರು ಪ್ರತಿ ಹಾಕಿಸಿದ್ದರು.
ಆ ವರ್ಷ ಇನ್ನೂರ ನಲವತ್ತು.

ಒಮ್ಮೆ ಕೊನೆಯ ಹಾಳೆಯಲ್ಲಿ, ವರ್ಷ ಮುಗಿಯುವ ಶನಿವಾರ
ಪಟ್ಟಿಯಿಲ್ಲದೆ ಬೋಳಾಗಿತ್ತು.
ಮರೆತಿದ್ದಾರೆ ಪಾಪ, ವಯಸ್ಸು, ಎಂದುಕೊಂಡು
ನಾನೇ ಜೋಡಿಸಿದೆ ನನ್ನ ಜಾಣತನದ ಆರು ಪಾಯಿಂಟು.
ಪ್ರೂಫಿನ ಮೇಲೆ ಕೆಂಪು ಗೀಟು ಬಿತ್ತು.
"ವರ್ಷ ಹುಟ್ಟುವ ತಿಂಗಳನ್ನು ನಾವು ಸಾರುವುದಿಲ್ಲ, ಬಾಬಾ.
ಅದನ್ನು ಹರಸುವ ಪಾಳಿ ಮೇಲಿನವನದು.
ನಮ್ಮಜ್ಜಿ ಬೇರೆ ಹೇಳುತ್ತಿದ್ದಳು,
ತೀರ್ಪಿನ ದಿನ ಯಾವುದೆಂದು
ಸೈತಾನನಿಗೆ ಸುಳಿವು ಸಿಗಬಾರದಂತೆ, ಅದಕ್ಕೇ ಗಪ್‌ಚುಪ್."
ನಕ್ಕರು. "ಬೋಳಾಗಿಯೇ ಇರಲಿ."

ಕಿತ್ತೆ. ಆದರೆ ಸಾಲು ಕಿತ್ತರೆ ಚೌಕಟ್ಟು ಸಡಿಲ,
ಮಿಷನ್ನಿಗೆ ಏರಿಸುವಾಗ ಇಡೀ ತಿಂಗಳೇ ಉದುರುತ್ತದೆ.
ಅಕ್ಷರವಿಲ್ಲದ ಮೊಳೆ ತುಂಬಬೇಕು ಅಲ್ಲಿ,
ಶಾಯಿಗೆ ಎಟುಕದ, ತಗ್ಗಿ ನಿಂತ, ಬರೀ ಭಾರದ ಮೊಳೆ.
"ಖಾಲಿ ಬಿಡಲೂ ಸೀಸ ಬೇಕು, ಸಾಹೇಬರೆ," ಅಂದೆ.
ತೂಕದ ಮನುಷ್ಯ. ಒಂದನ್ನು ಅಂಗೈಯಲ್ಲಿಟ್ಟು
ಏರಿಸಿ ಇಳಿಸಿ ನೋಡಿದರು. ಮಾತಾಡಲಿಲ್ಲ.

ಮಗಳ ಹಿಂದೆ ಅವರೂ ದಿಮೋನಾಕ್ಕೆ ಹೋದರು.
ಅಲ್ಲಿಂದ ಒಂದು ಕಾರ್ಡು:
ಇಲ್ಲಿ ಕ್ಯಾಲೆಂಡರಿಗೇನು ಬರವಿಲ್ಲ, ಬಣ್ಣಬಣ್ಣದವು.
ಆದರೂ ನಿಮ್ಮದೊಂದು ಹಳೇ ಪ್ರತಿ ಉಳಿದಿದ್ದರೆ,
ಮುಂಬಯಿಯ ಸೂರ್ಯ ಮುಳುಗುವ ಹೊತ್ತು ಇರುವಂಥದು.

ಹುಡುಕಿದೆ. ಕಟ್ಟುವ ಮೊದಲು ಕೊನೆಯ ಹಾಳೆ ತಿರುವಿದರೆ
ಆ ಬೋಳು ಶನಿವಾರದ ಕೆಳಗೆ
ತಗ್ಗು ಮೊಳೆಯೊಂದು ಹೇಗೋ ಮೇಲೆದ್ದು
ಶಾಯಿ ಮುಟ್ಟಿಬಿಟ್ಟಿದೆ:
ಒಂದು ಕಪ್ಪು ಚುಕ್ಕೆ.
ಇಷ್ಟು ವರ್ಷ ಯಾರ ಭೂತಗನ್ನಡಿಗೂ ಬಿದ್ದಿರಲಿಲ್ಲ.
ಹಾಗೇ ಸುತ್ತಿ, ದಾರ ಬಿಗಿದು, ಟಪ್ಪಾಲಿಗೆ ಹಾಕಿದೆ.